‘ಪ್ಯಾಕ್ಟ್’ ಎಂಬ ಪದ ಮತ್ತು ಒಪ್ಪಿಗೆಯ ರಾಜಕಾರಣ

1

ನಮ್ಮ ಭಾಷಣಗಳಲ್ಲಿ, ಕರಪತ್ರಗಳಲ್ಲಿ, ಸೆಮಿನಾರು ಪ್ರಬಂಧಗಳಲ್ಲಿ ‘ಪೂನಾ ಒಪ್ಪಂದ’ ಎಂಬ ಮಾತು ಎಷ್ಟು ಸಲ ಬಂದುಹೋಗಿದೆಯೋ ಲೆಕ್ಕವಿಲ್ಲ. ಅಲ್ಲಿ ಗಾಂಧಿ ಗೆದ್ದರೋ, ಅಂಬೇಡ್ಕರ್ ಸೋತರೋ, ಇಬ್ಬರೂ ಒಬ್ಬರನ್ನೊಬ್ಬರು ಬದಲಾಯಿಸಿದರೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಮುಗಿಯಬೇಕಾದ ಜಗಳವೂ ಅಲ್ಲ ಅದು. ಆದರೆ ಆ ಹೆಸರಿನ ಎರಡನೆಯ ಪದದ ಮುಂದೆ ನಾವು ಅಷ್ಟಾಗಿ ನಿಂತಿಲ್ಲ. ಇಂಗ್ಲಿಷಿನಲ್ಲಿ ಅದು ‘ಪ್ಯಾಕ್ಟ್’. ಕನ್ನಡಕ್ಕೆ ಬರುವಾಗ ‘ಒಪ್ಪಂದ’ ಆಯಿತು. ಎರಡೂ ಒಂದೇ ತಾನೆ ಅಂತ ನಿಘಂಟು ನೋಡಿದವರು ಹೇಳಿಯಾರು. ಒಂದೇ ಅಲ್ಲ ಎಂಬುದು ಈ ಬರಹದ ಮುಖ್ಯ ಮಾತು.

ಚರಿತ್ರೆಯ ಘಟನೆಗಳಿಗೆ ಹೆಸರಿಡುವ ಕೆಲಸ ಸಾಮಾನ್ಯವಾಗಿ ದನಿ ಇದ್ದವರದು. ಹೆಸರು ಒಮ್ಮೆ ನಿಂತಿತೆಂದರೆ ಘಟನೆಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದನ್ನೂ ಅದೇ ತೀರ್ಮಾನಿಸಿಬಿಡುತ್ತದೆ. ‘ಒಪ್ಪಂದ’ ಎಂದ ಕೂಡಲೆ ಎರಡು ಕಡೆಯವರು ಎದುರುಬದುರು ಕೂತಿದ್ದರು, ಇಬ್ಬರಿಗೂ ‘ಇಲ್ಲ’ ಎನ್ನುವ ಸ್ವಾತಂತ್ರ್ಯ ಇತ್ತು, ಕೊನೆಗೆ ಇಬ್ಬರೂ ‘ಹೂಂ’ ಅಂದರು ಎಂಬ ಚಿತ್ರ ಮನಸ್ಸಿನಲ್ಲಿ ಮೂಡುತ್ತದೆ. ದಲಿತ ವಿಮರ್ಶೆ ಪಠ್ಯವನ್ನು ಓದಿದರೆ ಸಾಲದು, ಪಠ್ಯದ ಹಣೆಪಟ್ಟಿಯನ್ನೂ ಓದಬೇಕು.

2

‘ಪ್ಯಾಕ್ಟ್’ ಲ್ಯಾಟಿನ್ನಿನ ‘ಪಾಕ್ಟುಮ್’ನಿಂದ ಹಳೆಯ ಫ್ರೆಂಚ್‌ನ ದಾರಿಯಾಗಿ ಇಂಗ್ಲಿಷಿಗೆ ಬಂದ ಪದ. ಮಾತಾಡಿ ಒಂದು ತೀರ್ಮಾನಕ್ಕೆ ಬರುವುದು ಎಂಬರ್ಥದ ಕ್ರಿಯಾಪದ ಅದರ ಹಿಂದಿದೆ. ಶಾಂತಿ ಎಂಬರ್ಥದ ‘ಪಾಕ್ಸ್’ ಅದರ ಒಡಹುಟ್ಟು. ಇಂಗ್ಲಿಷಿನ ‘ಪೀಸ್’ ಹುಟ್ಟಿದ್ದು ಅಲ್ಲಿಂದ. ಶಾಂತಿ ಎಂಬ ಹೆಸರೇ ಈ ಒಪ್ಪಂದದ ಮಾತಿನಿಂದ ಬಂತು ಎಂದು ರೋಮಿನ ನ್ಯಾಯಶಾಸ್ತ್ರಜ್ಞ ಉಲ್ಪಿಯನ್ ಹೇಳಿದ್ದು ಜಸ್ಟಿನಿಯನ್ ದೊರೆಯ ಕಾನೂನು ಸಂಗ್ರಹದಲ್ಲಿ ಉಳಿದುಬಂದಿದೆ. ಹಣ ತೆರುವುದಕ್ಕೆ ಇಂಗ್ಲಿಷಿನವರು ಅನ್ನುವ ‘ಪೇ’ ಕೂಡ ಇದೇ ಮನೆತನದ್ದು. ಸಾಲ ಕೊಟ್ಟವನನ್ನು ಸಮಾಧಾನಪಡಿಸುವುದು, ಶಾಂತಗೊಳಿಸುವುದು ಎಂಬುದು ಅದರ ಮೊದಲ ಅರ್ಥ. ಇವೆಲ್ಲದರ ಬುಡದಲ್ಲಿ ಭಾಷಾವಿಜ್ಞಾನಿಗಳು ಗುರುತಿಸುವ ಧಾತುವಿಗೆ ಬಿಗಿಯುವುದು, ಕಟ್ಟುವುದು ಎಂಬ ಅರ್ಥವಿದೆ. ಸಂಸ್ಕೃತದ ‘ಪಾಶ’ವನ್ನೂ ಅವರು ಆ ಧಾತುವಿಗೇ ಸೇರಿಸುತ್ತಾರೆ.

ಹಗ್ಗ, ಶಾಂತಿ, ಹಣ: ಒಂದೇ ಪದದ ಒಳಗೆ ಮೂರೂ ಇವೆ. ವ್ಯುತ್ಪತ್ತಿಯಿಂದಲೇ ಚರಿತ್ರೆ ಸಿಕ್ಕಿಬಿಡುವುದಿಲ್ಲ, ಬಿಡಿ. ಆದರೆ ಕೇಳಬೇಕಾದ ಪ್ರಶ್ನೆಗಳು ಸಿಗುತ್ತವೆ. ಯಾವುದೇ ಪ್ಯಾಕ್ಟ್ ಎದುರಾದಾಗ ಕಟ್ಟಿಗೆ ಬಿದ್ದವರು ಯಾರು, ಶಾಂತಿ ಸಿಕ್ಕಿದ್ದು ಯಾರಿಗೆ, ತೆತ್ತವರು ಯಾರು ಎಂದು ಕೇಳಬಹುದು.

ಇದರ ಪಕ್ಕದಲ್ಲಿ ಇಂಗ್ಲಿಷಿನ ಇನ್ನೆರಡು ಪದಗಳನ್ನು ಇಟ್ಟು ನೋಡಿ. ‘ಅಗ್ರೀ’ ಎಂಬುದರ ಒಳಗೆ ಇಷ್ಟವಾಗುವುದು, ಮನಸ್ಸಿಗೆ ಹಿತವಾಗುವುದು ಎಂಬ ಭಾವವಿದೆ. ‘ಕನ್ಸೆಂಟ್’ ಎಂದರೆ ಜೊತೆಯಲ್ಲಿ ಭಾವಿಸುವುದು. ‘ಪ್ಯಾಕ್ಟ್’ನಲ್ಲಿ ಇಷ್ಟವೂ ಇಲ್ಲ, ಭಾವವೂ ಇಲ್ಲ. ಶತ್ರುವಿನ ಜೊತೆ ಮಾಡಿಕೊಳ್ಳಬಹುದಾದದ್ದು ಅದು. ಯುರೋಪಿನ ಕತೆಗಳಲ್ಲಿ ಫೌಸ್ಟ್ ಸೈತಾನನ ಜೊತೆ ಮಾಡಿಕೊಂಡದ್ದೂ ಪ್ಯಾಕ್ಟೇ. ಮೊದಲ ಮಹಾಯುದ್ಧದ ನಂತರ ಪತ್ರಿಕೆಗಳಲ್ಲಿ ಈ ಪದ ಮೆರೆಯಿತು: 1925ರ ಲೊಕಾರ್ನೊ, 1928ರ ಕೆಲಾಗ್-ಬ್ರಿಯಾಂಡ್. ನಮ್ಮಲ್ಲಿ 1916ರ ಲಖನೌ, 1923ರ ಬಂಗಾಳ, 1931ರ ಮಾರ್ಚಿಯ ಗಾಂಧಿ-ಇರ್ವಿನ್. ಸೈನ್ಯವೋ, ಜನಸಂಖ್ಯೆಯೋ, ಜೈಲು ತುಂಬಿಸುವ ಶಕ್ತಿಯೋ, ಏನಾದರೊಂದು ಬಲ ಇದ್ದವರ ನಡುವೆ ಓಡಾಡಿದ ಪದ ಇದು.

ಹೀಗಿರುವಾಗ ಅಸ್ಪೃಶ್ಯರು ಈ ಪದದ ಒಳಗೆ ಕಾಲಿಟ್ಟದ್ದೇ ಒಂದು ಚಾರಿತ್ರಿಕ ಘಟನೆ. ಅದು ಪೂನಾದಲ್ಲಿ ಆದದ್ದಲ್ಲ. 1931ರ ನವೆಂಬರಿನಲ್ಲಿ ಲಂಡನ್ನಿನ ಎರಡನೆಯ ದುಂಡುಮೇಜಿನ ಪರಿಷತ್ತಿನ ಹೊತ್ತಿಗೆ ಮುಸ್ಲಿಮರು, ಭಾರತೀಯ ಕ್ರೈಸ್ತರು, ಆಂಗ್ಲೋ-ಇಂಡಿಯನ್ನರು, ಯುರೋಪಿಯನ್ನರ ಪ್ರತಿನಿಧಿಗಳ ಜೊತೆ ಅಂಬೇಡ್ಕರ್ ಒಂದು ಒಡಂಬಡಿಕೆಗೆ ಬಂದರು. ಅದರ ಹೆಸರು ‘ಮೈನಾರಿಟೀಸ್ ಪ್ಯಾಕ್ಟ್’. ಅಲ್ಲಿಯವರೆಗೆ ದಯೆಗೆ, ಸುಧಾರಣೆಗೆ, ಮತಾಂತರಕ್ಕೆ ವಸ್ತುವಾಗಿದ್ದ ಜನ ಅಂದು ಕಕ್ಷಿದಾರರಾದರು. ಕಾಂಗ್ರೆಸ್ಸಿನವರಿಗೆ ಅದು ಸಹಿಸಲಾಗದ್ದಾಯಿತು. ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟರೆ ಪ್ರಾಣ ಒತ್ತೆಯಿಟ್ಟು ವಿರೋಧಿಸುತ್ತೇನೆ ಎಂದು ಗಾಂಧಿ ಘೋಷಿಸಿದ್ದು ಅಲ್ಲೇ, ಅದೇ ತಿಂಗಳಲ್ಲಿ.

ಡಿ.ಆರ್. ನಾಗರಾಜ್ 1993ರಲ್ಲಿ ಪ್ರಕಟವಾದ ‘ದಿ ಫ್ಲೇಮಿಂಗ್ ಫೀಟ್’ ಪುಸ್ತಕದಲ್ಲಿ ಗಾಂಧಿ-ಅಂಬೇಡ್ಕರ್ ಮುಖಾಮುಖಿಯನ್ನು ಆತ್ಮಶುದ್ಧಿ ಮತ್ತು ಆತ್ಮಗೌರವಗಳ ಮುಖಾಮುಖಿಯಾಗಿ ಕಂಡರು. ಅದಕ್ಕೆ ನಾನು ಒಂದು ಮಾತು ಸೇರಿಸಬಯಸುತ್ತೇನೆ. ಆತ್ಮಶುದ್ಧಿಯ ಭಾಷೆಯಲ್ಲಿ ಇರುವುದು ಒಂದೇ ಕಕ್ಷಿ. ಪ್ರಾಯಶ್ಚಿತ್ತ ಮಾಡಿಕೊಳ್ಳುವವನಿಗೆ ಎದುರಿನವನ ಸಹಿ ಬೇಕಾಗಿಲ್ಲ. ಪ್ಯಾಕ್ಟ್‌ಗೆ ಮಾತ್ರ ಇಬ್ಬರು ಬೇಕು. ಆ ಅರ್ಥದಲ್ಲಿ ‘ಪ್ಯಾಕ್ಟ್’ ಎಂಬ ಪದ ಅಂಬೇಡ್ಕರ್ ಲೋಕದ ಪದ. ಪೂನಾದಲ್ಲಿ ಆದದ್ದು ಏನೇ ಇರಲಿ, ಅದಕ್ಕೆ ‘ಪ್ಯಾಕ್ಟ್’ ಎಂಬ ಹೆಸರು ಬಂತು ಎಂಬುದರಲ್ಲಿ ಒಂದು ಗೆಲುವಿದೆ. ಅದೇ ಹೆಸರಿನೊಳಗೆ ಒಂದು ಮೋಸವೂ ಇದೆ.

3

ಘಟನೆಗಳು ಗೊತ್ತಿರುವಂಥವೇ, ಚುಟುಕಾಗಿ ಹೇಳುತ್ತೇನೆ. 1932ರ ಆಗಸ್ಟಿನಲ್ಲಿ ಬ್ರಿಟಿಷ್ ಪ್ರಧಾನಿ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್ ಪ್ರಕಟಿಸಿದ ಕೋಮುವಾರು ತೀರ್ಪು ನಿಮ್ನವರ್ಗಗಳಿಗೆ ಎರಡು ಓಟು ಕೊಟ್ಟಿತು: ತಮ್ಮ ಪ್ರತಿನಿಧಿಯನ್ನು ತಾವೇ ಆರಿಸುವ ಓಟು ಒಂದು, ಸಾಮಾನ್ಯ ಕ್ಷೇತ್ರದ ಓಟು ಇನ್ನೊಂದು. ಸೆಪ್ಟೆಂಬರ್ 20ರಂದು ಯೆರವಡಾ ಜೈಲಿನಲ್ಲಿ ಗಾಂಧಿಯ ಆಮರಣ ಉಪವಾಸ ಶುರುವಾಯಿತು. 24ರಂದು ಸಹಿ ಬಿತ್ತು. 26ರಂದು ಉಪವಾಸ ನಿಂತಿತು. ಹೊಸ ಏರ್ಪಾಟಿನಲ್ಲಿ ಪ್ರಾಂತೀಯ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನ ಬಂದವು, ತೀರ್ಪಿನಲ್ಲಿ ಇದ್ದುದರ ಸುಮಾರು ಎರಡರಷ್ಟು. ಪ್ರತ್ಯೇಕ ಮತಕ್ಷೇತ್ರ ಹೋಯಿತು. ಅದರ ಬದಲಿಗೆ, ಪ್ರತಿ ಸ್ಥಾನಕ್ಕೂ ನಿಮ್ನವರ್ಗದ ಮತದಾರರು ಮೊದಲು ನಾಲ್ವರನ್ನು ಆರಿಸಬೇಕು, ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲ ಜಾತಿಯವರೂ ಸೇರಿ ಆರಿಸಬೇಕು ಎಂಬ ವ್ಯವಸ್ಥೆ ಬಂತು. ಅದಕ್ಕೂ ಹತ್ತು ವರ್ಷದ ಗಡುವು.

ಈಗ ‘ಒಪ್ಪಿಗೆ’ಯ ಪ್ರಶ್ನೆಗೆ ಬರೋಣ. ಈ ದೇಶದಲ್ಲಿ ಒಪ್ಪಿಗೆ ಅಂದರೇನು ಎಂದು ಹೇಳುವ ಕಾನೂನು ಒಂದಿದೆ, 1872ರ ಕರಾರು ಕಾಯಿದೆ. ಒಂದೇ ಸಂಗತಿಗೆ, ಒಂದೇ ಅರ್ಥದಲ್ಲಿ, ಇಬ್ಬರೂ ಹೂಂ ಅನ್ನಬೇಕು. ಆ ಹೂಂ ಬಲಾತ್ಕಾರದಿಂದ, ಅನುಚಿತ ಪ್ರಭಾವದಿಂದ, ಮೋಸದಿಂದ ಬಂದದ್ದಾಗಿರಬಾರದು ಎನ್ನುತ್ತದೆ ಅದು. ದಂಡಸಂಹಿತೆ ನಿಷೇಧಿಸಿರುವ ಕೃತ್ಯವನ್ನು ಮಾಡುತ್ತೇನೆಂದು ಹೆದರಿಸುವುದು ಬಲಾತ್ಕಾರ. ಹೆದರಿಸುವವನು ಕರಾರಿನ ಕಕ್ಷಿಯೇ ಆಗಿರಬೇಕೆಂದಿಲ್ಲ. 1917ರಲ್ಲಿ ಮದರಾಸು ಹೈಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂತು. ಒಬ್ಬ ಮನುಷ್ಯ ತಾನು ಆತ್ಮಹತ್ಯೆ ಮಾಡಿಕೊಳ್ಳುತ್ತೇನೆಂದು ಹೇಳಿ, ಹೆಂಡತಿ ಮತ್ತು ಮಗನಿಂದ ತನ್ನ ಸೋದರನ ಹೆಸರಿಗೆ ಹಕ್ಕುಬಿಡುಗಡೆ ಪತ್ರ ಬರೆಸಿಕೊಟ್ಟಿದ್ದ. ಸಾಯುತ್ತೇನೆ ಎಂದು ಹೆದರಿಸುವುದೂ ಬಲಾತ್ಕಾರವೇ ಎಂದು ನ್ಯಾಯಾಧೀಶರ ಬಹುಮತ ಹೇಳಿತು, ಒಬ್ಬರು ಮಾತ್ರ ಒಪ್ಪಲಿಲ್ಲ. ಪೂನಾಕ್ಕೆ ಹದಿನೈದು ವರ್ಷ ಮೊದಲು ಈ ನೆಲದ ಒಂದು ನ್ಯಾಯಾಲಯ ಹೀಗೆ ಯೋಚಿಸಿತ್ತು.

ರಾಜಕೀಯ ಒಪ್ಪಂದ ಕರಾರು ಕಾಯಿದೆಯ ಕೆಳಗೆ ಬರುವಂಥದ್ದಲ್ಲ, ಅದು ಗೊತ್ತಿದೆ. ನಾನು ಇಲ್ಲಿ ವಕಾಲತ್ತು ಮಾಡುತ್ತಿಲ್ಲ. ಉಪವಾಸ ಅಂಬೇಡ್ಕರ್ ವಿರುದ್ಧ ಅಲ್ಲ, ಹಿಂದೂ ಸಮಾಜದ ಆತ್ಮಸಾಕ್ಷಿಯನ್ನು ಎಬ್ಬಿಸುವುದಕ್ಕೆ ಎಂದು ಗಾಂಧಿ ಹೇಳಿದ್ದರು. ಆ ದಿನಗಳಲ್ಲಿ ಹಲವು ದೇವಸ್ಥಾನಗಳ ಬಾಗಿಲು, ಬಾವಿಗಳು ತೆರೆದದ್ದೂ ನಿಜ. ಆದರೆ ಆತ್ಮಸಾಕ್ಷಿ ಸವರ್ಣೀಯರದು, ಬಿಟ್ಟುಕೊಡಬೇಕಾದ ಹಕ್ಕು ಅಸ್ಪೃಶ್ಯರದು ಎಂಬ ಲೆಕ್ಕ ಯಾವ ಊರಿನದು? ಜೈಲಿನೊಳಗೆ ಒಂದು ಜೀವ ಕ್ಷೀಣಿಸುತ್ತಿದ್ದಾಗ, ಅದು ಹೋದರೆ ಏಳು ಲಕ್ಷ ಹಳ್ಳಿಗಳ ಕೇರಿಗಳಿಗೆ ಏನಾದೀತು ಎಂಬ ಭಯ ಹೊರಗೆ ಇದ್ದವರಿಗೆ ಇತ್ತು. ಆ ಭಯ ಒಪ್ಪಂದದ ಯಾವ ಕಲಮಿನಲ್ಲೂ ಇಲ್ಲ. ಆದರೆ ಎಲ್ಲ ಕಲಮುಗಳನ್ನೂ ಬರೆಸಿದ್ದರಲ್ಲಿ ಅದರ ಪಾಲಿದೆ.

ಸಹಿಗಳನ್ನು ನೋಡಿ. ನಿಮ್ನವರ್ಗಗಳ ಪರವಾಗಿ ಅಂಬೇಡ್ಕರ್, ಸವರ್ಣೀಯರ ಪರವಾಗಿ ಮದನಮೋಹನ ಮಾಳವೀಯ. ರಾಜಗೋಪಾಲಾಚಾರಿ, ಸಪ್ರು, ಜಯಕರ್, ಎಂ.ಸಿ. ರಾಜಾ, ರೆಟ್ಟಮಲೈ ಶ್ರೀನಿವಾಸನ್ ಇದ್ದಾರೆ, ಗಾಂಧಿಯ ಮಗ ದೇವದಾಸ್ ಇದ್ದಾರೆ. ಗಾಂಧಿಯ ಸಹಿ ಇಲ್ಲ. ಯಾರ ಪ್ರಾಣ ಪಣಕ್ಕಿತ್ತೋ ಅವರು ಪ್ಯಾಕ್ಟ್‌ನ ಕಕ್ಷಿಯಲ್ಲ.

ಕರಾರು ಕಾಯಿದೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬಲಾತ್ಕಾರದಿಂದಾದ ಕರಾರು ತಾನಾಗಿ ಬಿದ್ದುಹೋಗುವುದಿಲ್ಲ. ಅದನ್ನು ಇಟ್ಟುಕೊಳ್ಳುವುದೋ ಕಳಚುವುದೋ ಎಂಬ ಆಯ್ಕೆ ಬಲಾತ್ಕಾರಕ್ಕೆ ಒಳಗಾದವನಿಗೆ ಮಾತ್ರ ಇರುತ್ತದೆ. ಸಹಿಯ ಮರುದಿನ ಮುಂಬಯಿಯ ಸಭೆಯಲ್ಲಿ ಅಂಬೇಡ್ಕರ್ ಒಪ್ಪಂದವನ್ನು ಬೆಂಬಲಿಸಿ ಮಾತಾಡಿದ್ದರು. 1945ರಲ್ಲಿ ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂಬ ಪುಸ್ತಕದಲ್ಲಿ ಅದನ್ನೇ ಕಟುವಾಗಿ ಖಂಡಿಸಿದರು. 1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಮತ್ತೆ ಪ್ರತ್ಯೇಕ ಮತಕ್ಷೇತ್ರ ಕೇಳಿದರು. ಇದನ್ನು ‘ಅಂದೊಂದು ಇಂದೊಂದು’ ಅಂತ ಆಡಿಕೊಳ್ಳುವ ಪಂಡಿತರಿದ್ದಾರೆ. ನನಗೆ ಇದರಲ್ಲಿ ವಿರೋಧಾಭಾಸ ಕಾಣುವುದಿಲ್ಲ. ಒತ್ತಾಯದ ಒಪ್ಪಿಗೆ ಕೊಟ್ಟವನು ಆ ಒಪ್ಪಿಗೆಯನ್ನು ವಾಪಸ್ಸು ತೆಗೆದುಕೊಳ್ಳುವ ತನ್ನ ಹಕ್ಕನ್ನು ಬಳಸಿದ್ದಾನೆ, ಅಷ್ಟೆ. ಒಪ್ಪಂದದ ಐವತ್ತನೆಯ ವರ್ಷದ ದಿನವೇ, 1982ರ ಸೆಪ್ಟೆಂಬರ್ 24ರಂದು, ಕಾನ್ಶಿರಾಮ್ ‘ದಿ ಚಮ್ಚಾ ಏಜ್’ ಪ್ರಕಟಿಸಿದ್ದೂ ಆ ಹಕ್ಕಿನ ಮುಂದುವರಿಕೆಯೇ. ಸವರ್ಣೀಯರ ಓಟಿನಿಂದ ಗೆದ್ದ ದಲಿತ ಪ್ರತಿನಿಧಿ ಯಾರ ಪ್ರತಿನಿಧಿ ಎಂಬ ಅವರ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಸಹಿಯಾದ ಕೆಲವೇ ದಿನಗಳಲ್ಲಿ ಅಸ್ಪೃಶ್ಯತೆಯ ವಿರುದ್ಧ ಅಖಿಲ ಭಾರತ ಸಂಘವೊಂದು ಹುಟ್ಟಿತು. ಆಮೇಲೆ ಅದು ‘ಹರಿಜನ ಸೇವಕ ಸಂಘ’ ಆಯಿತು. ‘ಸೇವಕ’ ಎಂಬ ಪದ ಒಳಗೆ ಬಂತು, ‘ಕಕ್ಷಿ’ ಎಂಬ ಪದ ಹೊರಗೆ ಹೋಯಿತು. ಸೇವೆ ಮಾಡಿಸಿಕೊಳ್ಳುವವನ ಸಹಿ ಯಾರಿಗೆ ಬೇಕು?

4

ಇನ್ನು ಕನ್ನಡದ ‘ಒಪ್ಪಂದ’. ಮೊದಲು ಒಂದು ಸಂಗತಿ. ಪೂನಾ ಒಪ್ಪಂದ ಬ್ರಿಟಿಷ್ ಭಾರತದ ಶಾಸನಸಭೆಗಳ ಬಗ್ಗೆ ಆದದ್ದು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ನಮ್ಮ ಜನ ಮುಂಬಯಿ ಪ್ರಾಂತದ ಲೆಕ್ಕದಲ್ಲಿ, ಬಳ್ಳಾರಿ ಮತ್ತು ದಕ್ಷಿಣ ಕನ್ನಡದವರು ಮದರಾಸಿನ ಲೆಕ್ಕದಲ್ಲಿ ಬಂದರು. ಮೈಸೂರು ಸಂಸ್ಥಾನದ, ನಿಜಾಮನ ಸೀಮೆಯ ಹೊಲೆಯ-ಮಾದಿಗರು ಅದರ ಲೆಕ್ಕದಲ್ಲೇ ಇರಲಿಲ್ಲ. ಆದರೂ ಇವತ್ತು ಚಾಮರಾಜನಗರದಿಂದ ಬೀದರಿನವರೆಗೆ ನಮಗೆಲ್ಲ ಅದು ‘ನಮ್ಮ’ ಒಪ್ಪಂದ. ಯಾರೂ ಕೇಳದೆ, ನಾವೂ ಹೂಂ ಅನ್ನದೆ, ಅದರ ಫಲದಲ್ಲೂ ನಷ್ಟದಲ್ಲೂ ಪಾಲುದಾರರಾದೆವು.

‘ಒಪ್ಪು’ ಎಂಬುದು ಚೆಂದದ ಪದ, ಅದೇ ಅದರ ತೊಡಕು. ಒಪ್ಪು ಅಂದರೆ ಸಮ್ಮತಿಸು, ಒಪ್ಪು ಅಂದರೆ ಸೊಗಸು, ಹೊಂದಿಕೆ. ‘ಆ ಸೀರೆ ಅವಳಿಗೆ ಒಪ್ಪುತ್ತದೆ’ ಅನ್ನುತ್ತೇವೆ. ಸಮ್ಮತಿಸುವುದೇ ಚೆಂದ, ಸಮ್ಮತಿಸದವನು ಹೊಂದಿಕೊಳ್ಳದವನು ಎಂಬ ತೀರ್ಪು ಪದದೊಳಗೇ ಕೂತಿದೆ. ವಿಜಯನಗರದ ಶಾಸನಗಳ ಕೊನೆಯಲ್ಲಿ ‘ಒಪ್ಪ’ ಬರುತ್ತದೆ, ಅದು ದೊರೆಯ ಸಹಿ. ‘ಒಪ್ಪಿಸು’ ಅಂದರೆ ಕೈಗಿಡುವುದು: ಮದುವೆಯಲ್ಲಿ ಹೆಣ್ಣು ಒಪ್ಪಿಸುತ್ತಾರೆ, ಶಾಲೆಯಲ್ಲಿ ಮಗು ಪಾಠ ಒಪ್ಪಿಸುತ್ತದೆ, ಗೌಡನ ಮನೆಗೆ ಜೀತಕ್ಕೆ ಮಗನನ್ನು ಒಪ್ಪಿಸುತ್ತಾರೆ. ಮೇಲಿದ್ದವನ ಒಪ್ಪ ಸಹಿಯಾಯಿತು, ಕೆಳಗಿದ್ದವನ ಒಪ್ಪು ಒಪ್ಪಿಸುವುದಾಯಿತು. ಇಂಗ್ಲಿಷಿನ ‘ಪ್ಯಾಕ್ಟ್’ ಕನಿಷ್ಠ ಎದುರಾಳಿಗಳಿದ್ದಾರೆ ಎಂಬುದನ್ನಾದರೂ ಮರೆಸುವುದಿಲ್ಲ. ನಮ್ಮ ‘ಒಪ್ಪಂದ’ ಅದನ್ನೂ ಸೊಗಸಿನಲ್ಲಿ ಮುಚ್ಚುತ್ತದೆ.

ಪಾರಸಿ-ಅರಬ್ಬಿಯಿಂದ ಬಂದ ‘ಕರಾರು’, ‘ಕೌಲು’, ‘ರಾಜಿ’ಗಳ ಕತೆ ಬೇರೆ. ಕಚೇರಿಯ ಪದಗಳಾಗಿ ಬಂದು ಹಳ್ಳಿಗೆ ಇಳಿದವು. ‘ರಾಜಿ’ ಮೂಲದಲ್ಲಿ ಸಂತೋಷದಿಂದ ಒಪ್ಪಿದವನು ಎಂಬ ಅರ್ಥದ್ದು. ಇವತ್ತು ಕೇರಿಯಲ್ಲಿ ಆ ಪದ ಕೇಳಿದರೆ ಸಂತೋಷ ಯಾರಿಗೂ ನೆನಪಾಗುವುದಿಲ್ಲ. ಹೊಡೆತ ತಿಂದವನನ್ನು ಚಾವಡಿಗೆ ಕರೆಸಿ, ‘ಏನೋ ಆಗೋಯ್ತು, ಒಂದೇ ಊರಲ್ಲಿ ಬಾಳ್ಬೇಕಲ್ಲಪ್ಪಾ, ಕೇಸು ಗೀಸು ಯಾಕೆ’ ಎಂದು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕೆ ರಾಜಿ ಅಂತ ಹೆಸರು. ಊರಿಗೆ ಶಾಂತಿ, ಕೇರಿಗೆ ಪಾಶ. ಲ್ಯಾಟಿನ್ ಧಾತುವಿನ ಅರ್ಥ ತಿಳಿಯಲು ರೋಮಿಗೇ ಹೋಗಬೇಕಾಗಿಲ್ಲ. 2000ದ ಮಾರ್ಚಿಯಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಹೇಳಿಕೆಯಿಂದ ಹಿಂದೆ ಸರಿದರು, 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. ಆ ಮೌನವನ್ನು ಯಾವ ನ್ಯಾಯಶಾಸ್ತ್ರದಲ್ಲಿ ಒಪ್ಪಿಗೆ ಅನ್ನಬೇಕು?

5

ಇದೆಲ್ಲ ರಾಜಕೀಯವಾಯಿತು, ಸಾಹಿತ್ಯ ವಿಮರ್ಶೆ ಎಲ್ಲಿ ಎಂದು ಕೇಳುವವರಿಗೆ: ವಿಮರ್ಶೆಯೂ ಒಪ್ಪಂದಗಳ ಮೇಲೆಯೇ ನಿಂತಿದೆ.

ನಮ್ಮ ಕಾವ್ಯಮೀಮಾಂಸೆಯ ‘ಸಹೃದಯ’ನನ್ನೇ ತೆಗೆದುಕೊಳ್ಳಿ. ಕವಿಯ ಹೃದಯಕ್ಕೆ ಸಮನಾದ ಹೃದಯ ಉಳ್ಳವನು. ಅಭಿನವಗುಪ್ತನಲ್ಲಿ ‘ಹೃದಯಸಂವಾದ’ ಎಂಬ ಮಾತು ಬರುತ್ತದೆ. ಅಲ್ಲಿ ಸಂವಾದ ಎಂದರೆ ಇವತ್ತಿನ ಹಾಗೆ ಚರ್ಚೆ ಅಲ್ಲ, ಹೊಂದಿಕೆ. ಕವಿತೆ ಓದುವ ಮೊದಲೇ ಒಂದು ಒಪ್ಪಂದ ಆಗಿಹೋಗಿದೆ. ಆ ಒಪ್ಪಂದದ ಹೊತ್ತಿಗೆ ಕೇರಿಯ ಹೃದಯ ಎಲ್ಲಿತ್ತು? ದಲಿತ ಕಾವ್ಯ ಬಂದಾಗ ‘ಇದು ಘೋಷಣೆ, ಕಾವ್ಯವಲ್ಲ’ ಅಂದವರು ನಿಜವಾಗಿ ಹೇಳಿದ್ದು, ನೀನು ನಮ್ಮ ಒಪ್ಪಂದಕ್ಕೆ ಸಹಿ ಹಾಕಿಲ್ಲ ಎಂದೇ. ಹಾಕಿಲ್ಲ ನಿಜ. ಕರೆದವರು ಯಾರು?

ಫ್ರೆಂಚ್ ವಿಮರ್ಶಕ ಫಿಲಿಪ್ ಲೆಜನ್ 1975ರಲ್ಲಿ ‘ಆತ್ಮಚರಿತ್ರೆಯ ಪ್ಯಾಕ್ಟ್’ ಎಂಬ ಪರಿಕಲ್ಪನೆಯನ್ನು ಮಂಡಿಸಿದ. ಮುಖಪುಟದ ಮೇಲಿನ ಹೆಸರು, ಕತೆ ಹೇಳುವವನು, ಕತೆಯೊಳಗಿನವನು ಮೂವರೂ ಒಬ್ಬನೇ ಎಂದು ಬರೆದವನು ಓದುಗನಿಗೆ ಕೊಡುವ ಮಾತು ಅದು. ಆ ಮಾತಿನ ಮೇಲೆ ಓದುಗ ನಂಬುತ್ತಾನೆ. ನಮ್ಮ ಆತ್ಮಕಥನಗಳಿಗೆ ಈ ಅಳತೆ ಹಿಡಿದರೆ ಎರಡು ಕಡೆ ಅದು ಕುಸಿಯುತ್ತದೆ. ಮೊದಲನೆಯದು, ಹೆಸರು. ಅರವಿಂದ ಮಾಲಗತ್ತಿಯವರ 1994ರ ಪುಸ್ತಕದ ಹೆಸರು ‘ಗೌರ್ಮೆಂಟ್ ಬ್ರಾಹ್ಮಣ’. ಅದು ತಂದೆತಾಯಿ ಇಟ್ಟ ಹೆಸರಲ್ಲ, ಮೀಸಲಾತಿ ಪಡೆದವನಿಗೆ ಸಮಾಜ ಇಟ್ಟ ಕುಹಕದ ಹೆಸರು. ತನಗೆ ಅಂಟಿಸಿದ ಹೆಸರನ್ನೇ ಮುಖಪುಟಕ್ಕೆ ಎತ್ತಿ ಹಿಡಿದಾಗ ಲೇಖಕ ಓದುಗನಿಗೆ ಮಾತು ಕೊಡುತ್ತಿಲ್ಲ, ಓದುಗ ಆಡಿದ ಮಾತನ್ನು ಅವನಿಗೇ ವಾಪಸ್ಸು ಕೊಡುತ್ತಿದ್ದಾನೆ.

ಎರಡನೆಯದು, ಓದುಗ ಯಾವ ಕಡೆಯವನು ಎಂಬುದು. ಸಿದ್ಧಲಿಂಗಯ್ಯನವರ ‘ಊರುಕೇರಿ’ 1996ರದ್ದು. ಊರಿಗೂ ಕೇರಿಗೂ ನಡುವೆ ‘ಮತ್ತು’ ಇಲ್ಲ, ಗೆರೆಯೂ ಇಲ್ಲ. ನಿಜ ಜೀವನದಲ್ಲಿ ಇರುವ ಗೆರೆ ಪದದಲ್ಲಿ ಅಳಿಸಿದೆ. ಇಲ್ಲಿ ನಗು ಜಾಸ್ತಿ, ಆಕ್ರೋಶ ಕಮ್ಮಿ ಎಂದು ಮೆಚ್ಚಿದವರೂ ಇದ್ದಾರೆ, ಗೊಣಗಿದವರೂ ಇದ್ದಾರೆ. ಈ ನಗುವನ್ನು ‘ರಾಜಿ’ ಎಂದು ಓದುವುದು ನನಗೆ ಒಪ್ಪಿಗೆಯಿಲ್ಲ. ಊರಿನ ಓದುಗ ನಗುತ್ತಲೇ ಒಳಗೆ ಬರುತ್ತಾನೆ, ಬಂದ ಮೇಲೆ ತಾನು ಯಾವ ಕಡೆ ಎಂದು ಅವನೇ ತೀರ್ಮಾನಿಸಬೇಕಾಗುತ್ತದೆ. ಇಲ್ಲಿ ಒಪ್ಪಿಗೆ ಕೊಡಬೇಕಾದವನು ಲೇಖಕನಲ್ಲ, ಓದುಗ.

‘ಗೌರ್ಮೆಂಟ್ ಬ್ರಾಹ್ಮಣ’ ಎಂಬ ಕುಹಕದಲ್ಲಿ ಪೂನಾದ ನೆರಳಿದೆ. ಕರಾರಿಗೆ ಪ್ರತಿಫಲ ಇರಬೇಕು, ಒಂದು ಕೊಟ್ಟು ಒಂದು ಪಡೆಯಬೇಕು. ಮೀಸಲು ಸ್ಥಾನಗಳು ಪುಕ್ಕಟೆ ಬಂದದ್ದಲ್ಲ. ಪ್ರತ್ಯೇಕ ಮತಕ್ಷೇತ್ರವನ್ನು, ಎರಡನೆಯ ಓಟನ್ನು ಬಿಟ್ಟುಕೊಟ್ಟು ಪಡೆದದ್ದು. ಶಿಕ್ಷಣದ ಅನುದಾನದಲ್ಲಿ ಪಾಲು, ಸರ್ಕಾರಿ ಸೇವೆಯಲ್ಲಿ ನ್ಯಾಯವಾದ ಪ್ರಾತಿನಿಧ್ಯಕ್ಕೆ ಯತ್ನ ಎಂಬ ಮಾತುಗಳೂ ಆ ಒಪ್ಪಂದದಲ್ಲಿವೆ. ಕೊಟ್ಟದ್ದನ್ನು ಎಲ್ಲರೂ ಮರೆತರು, ಪಡೆದದ್ದನ್ನು ಮಾತ್ರ ನೆನಪಿಟ್ಟರು. ಹಾಗೆ ಒಪ್ಪಂದ ಭಿಕ್ಷೆಯಾಯಿತು. ನನ್ನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ, ‘ಮೀಸಲಾತಿ ಎಷ್ಟು ದಿನ ಸಾರ್?’ ಅಂತ ಕೇಳಿದ. ಸಂವಿಧಾನದಲ್ಲಿ ಶಾಸನಸಭೆಯ ಮೀಸಲು ಸ್ಥಾನಗಳಿಗೆ ಮಾತ್ರ ಗಡುವಿದೆ, 2019ರ ತಿದ್ದುಪಡಿಯಿಂದ ಅದು 2030ರ ಜನವರಿಯವರೆಗೆ ಎಂದೆ. ಪೂನಾದ ಕಾಗದದಲ್ಲಿ ಇದ್ದ ಉತ್ತರ ಬೇರೆ ಎಂಬುದನ್ನೂ ಹೇಳಿದೆ: ಸಂಬಂಧಪಟ್ಟ ಸಮುದಾಯಗಳು ಪರಸ್ಪರ ಒಪ್ಪಿ ಬೇರೆ ತೀರ್ಮಾನ ಮಾಡುವವರೆಗೆ. ಎಂದರೆ, ನಿಲ್ಲಿಸುವುದಕ್ಕೂ ನಮ್ಮ ಸಹಿ ಬೇಕು.

6

ರೋಮಿನ ಕಾನೂನಿನಲ್ಲಿ ಬರಿಯ ಪ್ಯಾಕ್ಟ್ ಇಟ್ಟುಕೊಂಡು ದಾವೆ ಹೂಡಲು ಬರುತ್ತಿರಲಿಲ್ಲ. ಎದುರಿನವನು ದಾವೆ ಹೂಡಿದಾಗ ಗುರಾಣಿಯಾಗಿ ಮಾತ್ರ ಅದು ಒದಗುತ್ತಿತ್ತು. ನಮ್ಮ ಪಾಲಿಗೆ ಪೂನಾ ಹಾಗೇ ಆಯಿತು. ಅದನ್ನು ಹಿಡಿದು ಕಾಪಾಡಿಕೊಂಡಿದ್ದೇವೆ, ಅದನ್ನು ಹಿಡಿದು ಮುಂದೆ ಹೋಗಲು ಆಗಿಲ್ಲ.

ಆದರೆ ಒಪ್ಪಿಗೆ ಎಂಬ ಪದವನ್ನು ಬಲ ಇಲ್ಲದವರ ಕಡೆಯಿಂದ ಓದುವ ಪ್ರಯತ್ನಗಳು ಈ ನೆಲದಲ್ಲಿ ನಡೆದಿವೆ. 1976ರ ಜೀತ ನಿರ್ಮೂಲನ ಕಾಯಿದೆ, ಜೀತದ ಕರಾರಿಗೆ ಹೆಬ್ಬೆಟ್ಟು ಒತ್ತಿದ್ದರೂ ಅದು ಕರಾರಲ್ಲ ಎಂದಿತು. 1978ರ ಕರ್ನಾಟಕದ ಪಿಟಿಸಿಎಲ್ ಕಾಯಿದೆ, ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ನಿಯಮ ಮೀರಿ ಕೊಂಡರೆ, ಮಾರಿದವನ ಸಹಿ ಇದ್ದರೂ ಆ ಕ್ರಯ ಅಸಿಂಧು ಎಂದಿತು. ಅದಕ್ಕೆ ಕಾಲಮಿತಿ ಅಡ್ಡಬರದಂತೆ 2023ರಲ್ಲಿ ತಿದ್ದುಪಡಿಯೂ ಆಯಿತು. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಹಸಿವೂ ಒಂದು ಬಲಾತ್ಕಾರ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯಲು ಒಪ್ಪಿದವನದು ಬಲವಂತದ ದುಡಿಮೆ ಎಂದಿತು. ಇವನ್ನು ಕಾನೂನಿನ ಪುಸ್ತಕಗಳಿಗೆ ಬಿಟ್ಟುಕೊಡಬಾರದು. ಇವು ದಲಿತ ವಿಮರ್ಶೆಯ ಪಠ್ಯಗಳು. ಸಹಿ ಮತ್ತು ಒಪ್ಪಿಗೆ ಬೇರೆ ಬೇರೆ ಎಂಬ ಓದಿನ ಕ್ರಮವೊಂದನ್ನು ಇವು ಕಲಿಸುತ್ತವೆ.

ಈ ಓದನ್ನು ನಮ್ಮ ಕಡೆಗೂ ತಿರುಗಿಸಬೇಕು. ಪೂನಾದಲ್ಲಿ ‘ನಿಮ್ನವರ್ಗಗಳು’ ಎಂಬ ಒಂದೇ ಹೆಸರಿನ ಕೆಳಗೆ ಎಷ್ಟು ಜಾತಿಗಳು ಸಹಿ ಹಾಕಿದವು, ಎಷ್ಟು ಜಾತಿಗಳ ಪರವಾಗಿ ಬೇರೆಯವರು ಸಹಿ ಹಾಕಿದರು? ಅಲ್ಲಿ ಹೆಂಗಸರ ಸಹಿ ಎಲ್ಲಿತ್ತು? 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ತೆರೆದ ಮೇಲೆ ಈ ಪ್ರಶ್ನೆ ನಮ್ಮ ಕೇರಿಯೊಳಗೇ ಬಂದು ನಿಂತಿದೆ. ‘ನಾವೆಲ್ಲ ಒಂದೇ, ಒಗ್ಗಟ್ಟು ಮುರಿಯಬೇಡಿ’ ಎಂದು ನಮ್ಮವರೇ ನಮ್ಮವರಿಗೆ ಹೇಳುವಾಗ ಆ ಮಾತಿನಲ್ಲಿ ನನಗೆ ಚಾವಡಿಯ ದನಿ ಕೇಳಿಸುತ್ತದೆ. ಒಗ್ಗಟ್ಟು ಬೇಕು, ನಿಜ. ಆದರೆ ಮೊದಲು ಅತಿ ಸಣ್ಣ ಜಾತಿಯ, ಅತಿ ಹಿಂದೆ ಉಳಿದವನಿಗೆ ‘ಇಲ್ಲ’ ಅನ್ನುವ ಅವಕಾಶ ಇರಬೇಕು. ಅವನು ‘ಇಲ್ಲ’ ಅಂದರೂ ಅವನ ಮನೆ, ಅನ್ನ, ಮಾನಕ್ಕೆ ಏನೂ ಆಗುವುದಿಲ್ಲ ಎಂಬ ಖಾತ್ರಿ ಇರಬೇಕು. ಆ ಖಾತ್ರಿ ಇದ್ದಾಗ ಅವನು ‘ಹೂಂ’ ಅಂದರೆ ಅದನ್ನು ಒಪ್ಪಂದ ಅನ್ನೋಣ.